ಪೂರ್ತಿ ತೆರೆಯಿರಿ, ಇಲ್ಲಾ ಪೂರ್ತಿ ಮುಚ್ಚಿ: ಬಾಲ್ ವಾಲ್ವ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಸೋರುವ ನಳದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲ್ ವಾಲ್ವ್ ಬಗ್ಗೆಯೇ ಇವೆ. ಓದಿ ಖುಷಿಯಾಯಿತು, ಯಾಕಂದ್ರೆ ಇದು ನಮ್ಮೂರಿನ ಸಾಮಾನು. ಹುಬ್ಬಳ್ಳಿ ಅಂದ ಕೂಡಲೇ ಹೊರಗಿನವರಿಗೆ ಸಿದ್ಧಾರೂಢ ಮಠವೋ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮೋ ನೆನಪಾಗುತ್ತದೆ. ಆದರೆ ದೊಡ್ಡ ಕಾರ್ಖಾನೆಗಳಿಗೆ ವಾಲ್ವ್ ಖರೀದಿ ಮಾಡುವವರನ್ನು ಕೇಳಿ ನೋಡಿ, ಅವರು ಮೈಕ್ರೋಫಿನಿಷ್ ಅಂತಾರೆ, ಬಿಡಿಕೆ ಅಂತಾರೆ. ಎರಡೂ ಹುಬ್ಬಳ್ಳಿಯಲ್ಲಿ ಹುಟ್ಟಿದ ಕಂಪನಿಗಳೇ. ನಾನೂ ಇಲ್ಲಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಟೆಸ್ಟ್ ಬೆಂಚ್ ಮುಂದೆ ವರ್ಷಗಟ್ಟಲೆ ನಿಂತವನು. ಸಾವಿರಾರು ವಾಲ್ವ್‌ಗಳು ಕೈಯಿಂದ ಹಾದು ಹೋಗಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮ ಕಡೆ ಕಾರ್ಪೊರೇಷನ್ ನೀರು ದಿನಾ ಬರುವುದಿಲ್ಲ. ಬಂದಾಗ ಸಂಪ್ ತುಂಬಿಸಿಕೊಳ್ಳಬೇಕು. ಸಂಪ್‌ಗೆ ಹೋಗುವ ಪೈಪಿಗೆ ಚಕ್ರ ತಿರುಗಿಸುವ ವಾಲ್ವ್ ಇದೆ. ಎಷ್ಟು ತಿರುಗಿಸಿದರೂ ಪೂರ್ತಿ ಬಂದ್ ಆಗುವುದಿಲ್ಲ, ನೀರು ಅಂಗಳಕ್ಕೆ ಹರಿಯುತ್ತದೆ. ಬಾಲ್ ವಾಲ್ವ್ ಹಾಕಿಸಿ ಅಂತ ಪ್ಲಂಬರ್ ಹೇಳಿದ. ಅಂಗಡಿಯಲ್ಲಿ ಕೇಳಿದರೆ ಪ್ಲಾಸ್ಟಿಕ್ ಗುಂಡು ತೇಲುವ ಸಾಮಾನು ಕೊಟ್ಟರು. ಅದೇನಾ ಇದು?
– ಗೃಹಿಣಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅಲ್ಲ ಅಕ್ಕಾವ್ರೇ. ಅಂಗಡಿಯವರು ಕೊಟ್ಟದ್ದು ಬಾಲ್ ಕಾಕ್, ಅಂದ್ರೆ ಫ್ಲೋಟ್ ವಾಲ್ವ್. ನೀರು ಮೇಲೆ ಬಂದ ಹಾಗೆ ಗುಂಡು ತೇಲಿ ತಾನೇ ಬಂದ್ ಮಾಡುತ್ತದೆ. ಪ್ಲಂಬರ್ ಹೇಳಿದ್ದು ಬೇರೆ. ಬಾಲ್ ವಾಲ್ವ್‌ನಲ್ಲಿ ಗುಂಡು ಒಳಗೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಉದ್ದನೆಯ ಹ್ಯಾಂಡಲ್ ಇರುತ್ತದೆ, ಅದು ಕಾಲು ಸುತ್ತು ಮಾತ್ರ ತಿರುಗುತ್ತದೆ. ತಂದದ್ದನ್ನು ವಾಪಸ್ ಕೊಡಬೇಡಿ, ನಿಮಗೆ ಎರಡೂ ಬೇಕು. ಪೈಪಿನ ಮೇಲೆ ಕೈಯಿಂದ ಬಂದ್ ಮಾಡೋದಕ್ಕೆ ಬಾಲ್ ವಾಲ್ವ್, ಪೈಪಿನ ತುದಿಗೆ ಸಂಪ್ ಒಳಗೆ ಈ ಬಾಲ್ ಕಾಕ್. ಆಗ ಬೆಳಗಿನ ಜಾವ ನೀರು ಬಂದರೂ ನೀವು ಎದ್ದು ಓಡಬೇಕಾಗಿಲ್ಲ.

ಈಗಿರುವ ಚಕ್ರದ ವಾಲ್ವ್ ಯಾಕೆ ಕೈ ಕೊಟ್ಟಿತು ಅಂತ ಹೇಳುತ್ತೇನೆ. ಅದು ಗೇಟ್ ವಾಲ್ವ್. ಅದರೊಳಗೆ ಬೆಣೆಯಂಥ ಒಂದು ಹಿತ್ತಾಳೆ ತುಂಡು ಮೇಲಿಂದ ಕೆಳಗೆ ಇಳಿದು ದಾರಿ ಮುಚ್ಚುತ್ತದೆ. ಮಲಪ್ರಭೆಯ ರೇಣುಕಾಸಾಗರದಿಂದಲೋ ನೀರಸಾಗರದಿಂದಲೋ ಬರುವ ನೀರು ಶುದ್ಧವಾಗಿಯೇ ಹೊರಟಿರುತ್ತದೆ. ಆದರೆ ಪೈಪು ಎಷ್ಟೋ ದಿನ ಖಾಲಿ ಬಿದ್ದು ಮತ್ತೆ ಒಮ್ಮೆಲೇ ತುಂಬಿದಾಗ ಒಳಗಿನ ತುಕ್ಕು, ಮಣ್ಣು ಎಲ್ಲಾ ಎದ್ದು ಬರುತ್ತದೆ. ಅದು ಬೆಣೆ ಕೂರುವ ಗುಂಡಿಯಲ್ಲಿ ಸೇರಿಕೊಳ್ಳುತ್ತದೆ. ಮೇಲಿಂದ ಬೆಣೆ ಬಂದು ಆ ಹರಳಿನ ಮೇಲೆ ಕೂರುತ್ತದೆ, ಪಕ್ಕದಲ್ಲಿ ಸಂದಿ ಉಳಿಯುತ್ತದೆ, ನೀವು ಬಂದ್ ಆಗಲಿಲ್ಲ ಅಂತ ಇನ್ನೂ ಜೋರಾಗಿ ತಿರುಗಿಸುತ್ತೀರಿ, ಒಂದು ದಿನ ಒಳಗಿನ ಸ್ಪಿಂಡಲ್ಲೇ ಮುರಿದು ಚಕ್ರ ಸುಮ್ನೆ ಸುತ್ತಲು ಶುರುವಾಗುತ್ತದೆ.

ಬಾಲ್ ವಾಲ್ವ್‌ನಲ್ಲಿ ಆ ಗುಂಡಿ ಇಲ್ಲ. ನುಣುಪಾದ ಒಂದು ಲೋಹದ ಗುಂಡು, ಅದಕ್ಕೆ ಆರುಪಾರು ತೂತು, ಎರಡೂ ಬದಿಗೆ ಬಿಳಿ ಟೆಫ್ಲಾನ್ ಉಂಗುರ. ಆ ಉಂಗುರಕ್ಕೆ ಸೀಟ್ ಅಂತಾರೆ. ತೂತು ಪೈಪಿನ ನೇರಕ್ಕೆ ಬಂದರೆ ನೀರು ಹರಿಯುತ್ತದೆ, ಅಡ್ಡ ತಿರುಗಿದರೆ ನಿಲ್ಲುತ್ತದೆ. ತಿರುಗುವಾಗ ಗುಂಡು ಸೀಟಿಗೆ ಉಜ್ಜಿಕೊಂಡೇ ಹೋಗುವುದರಿಂದ ಕೂತ ಮಣ್ಣನ್ನು ತಾನೇ ಒರೆಸಿಕೊಳ್ಳುತ್ತದೆ. ಹ್ಯಾಂಡಲ್ ಪೈಪಿನ ಗುಂಟ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಅಡಿಗೆ ಮನೆ ಕಿಟಕಿಯಿಂದ ನೋಡಿದರೂ ಗೊತ್ತಾಗುತ್ತದೆ ಅಲ್ವಾ?

ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ. ಒಂದು, ಹ್ಯಾಂಡಲ್ ತೆರೆದಿಟ್ಟು ವಾಲ್ವನ್ನು ಕಣ್ಣಿಗೆ ದುರ್ಬೀನಿನ ಹಾಗೆ ಹಿಡಿದು ಬೆಳಕಿಗೆ ನೋಡಿ. ಒಳಗಿನ ತೂತು ಪೈಪಿನಷ್ಟೇ ಅಗಲ ಇದ್ದರೆ ಅದು ಫುಲ್ ಬೋರ್. ಮಧ್ಯದಲ್ಲಿ ಕಿರಿದಾಗಿದ್ದರೆ ರೆಡ್ಯೂಸ್ಡ್ ಬೋರ್. 20 ಎಂಎಂ ಇರಬೇಕಾದ ಕಡೆ 15 ಎಂಎಂ ತೂತು ಇದ್ದರೆ ದಾರಿ ಹೆಚ್ಚುಕಡಿಮೆ ಅರ್ಧವೇ ಆಯಿತು. ಪ್ರೆಷರ್ ಕಡಿಮೆ ಇರುವ ಓಣಿಯಲ್ಲಿ, ನೀರು ಬರೋದೇ ಒಂದೆರಡು ತಾಸು ಅಂದಾಗ, ಇದು ದೊಡ್ಡ ನಷ್ಟ. ಎರಡು, ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಹಿತ್ತಾಳೆಯ ಬಾಡಿಗೂ ಒಳಗಿನ ಗುಂಡಿಗೂ ಅದು ಅಂಟಬಾರದು. ಅಗ್ಗದ ಮಾಲಿನಲ್ಲಿ ಕಬ್ಬಿಣದ ಗುಂಡಿಗೆ ಮೇಲಿಂದ ಹೊಳಪು ಕೊಟ್ಟಿರುತ್ತಾರೆ. ಹೊಳಪು ಎದ್ದ ಮೇಲೆ ತುಕ್ಕು, ತುಕ್ಕು ಹಿಡಿದ ಮೇಲೆ ಸೀಟ್ ಹರಿಯುತ್ತದೆ. ಹ್ಯಾಂಡಲ್‌ಗೆ ಅಂಟಿದರೆ ಚಿಂತೆ ಇಲ್ಲ, ಅದು ಕಬ್ಬಿಣದ್ದೇ.

ಹೊಸದು ಹಾಕಿಸುವಾಗ ಮೀಟರ್ ಆದ ಮೇಲಿನ ಪೈಪಿಗೆ ಹಾಕಿಸಿ. ಅದರ ಹಿಂದೆ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಬಿಟ್ಟು ಸಣ್ಣ ನಳ ಕೂರಿಸಿದರೆ ಇನ್ನೂ ಒಳ್ಳೆಯದು. ನೀರು ಬಂದ ಮೊದಲ ಐದು ನಿಮಿಷ ಕೆಂಪು ನೀರನ್ನು ಆ ನಳದಿಂದ ಗಿಡಕ್ಕೆ ಬಿಡಿ, ಆಮೇಲೆ ಸಂಪ್‌ಗೆ ತಿರುಗಿಸಿ. ಸೀಟಿಗೆ ಗೀರು ಬೀಳುವುದು ಅಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದು ಬೋರ್ ನೀರು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಟ್ಯಾಂಕ್ ಕೆಳಗಿನ ಬಾಲ್ ವಾಲ್ವ್ ಮೂರು ವರ್ಷ ಮುಟ್ಟಿರಲಿಲ್ಲ. ಮೊನ್ನೆ ತಿರುಗಿಸಲು ಹೋದರೆ ಜಪ್ಪಯ್ಯ ಅನ್ನಲಿಲ್ಲ. ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಒತ್ತಿದೆವು, ಹ್ಯಾಂಡಲ್ ಮುರಿಯಿತು. ಈಗ?
– ಬೆಟಗೇರಿ, ಗದಗ

ಉತ್ತರ: ಹ್ಯಾಂಡಲ್ ಮುರಿದದ್ದು ಪುಣ್ಯ ಅಂದುಕೊಳ್ಳಿ. ಒಳಗಿನ ಸ್ಟೆಮ್, ಅಂದ್ರೆ ಹ್ಯಾಂಡಲಿನಿಂದ ಗುಂಡನ್ನು ತಿರುಗಿಸುವ ಕಡ್ಡಿ, ಮುರಿದಿದ್ದರೆ ಟ್ಯಾಂಕ್ ಖಾಲಿ ಮಾಡದೆ ಬೇರೆ ದಾರಿಯೇ ಇರುತ್ತಿರಲಿಲ್ಲ.

ಬಾಲ್ ವಾಲ್ವ್ ಹಾಳಾಗುವುದು ತಿರುಗಿಸಿ ತಿರುಗಿಸಿ ಅಲ್ಲ, ತಿರುಗಿಸದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಿಮ್ಮ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಗುಂಡಿನ ಮೇಲೂ ನಿಧಾನವಾಗಿ ಕಟ್ಟುತ್ತದೆ. ತೆರೆದೇ ಇಟ್ಟ ವಾಲ್ವ್‌ನಲ್ಲಿ ಗುಂಡಿನ ತೂತಿನ ಒಳಗೆ, ಬಾಡಿಯ ಸಂದಿಯಲ್ಲಿ, ಎಲ್ಲಾ ಕಡೆ. ಆಮೇಲೆ ಒಂದು ದಿನ ತಿರುಗಿಸಲು ಹೋದರೆ ಆ ಗಟ್ಟಿ ಪದರ ಮೆತ್ತನೆಯ ಟೆಫ್ಲಾನ್ ಸೀಟಿನ ಕೆಳಗೆ ಹೋಗಬೇಕು. ಹೋಗುವುದಿಲ್ಲ. ಒತ್ತಾಯ ಮಾಡಿದರೆ ಸೀಟನ್ನು ಗೀರಿಕೊಂಡು ಹೋಗುತ್ತದೆ, ಆಮೇಲೆ ಮುಚ್ಚಿದರೂ ಹನಿ ನಿಲ್ಲುವುದಿಲ್ಲ.

ಈಗ ಮಾಡಬೇಕಾದದ್ದು. ಮುರಿದ ಹ್ಯಾಂಡಲಿನ ನಟ್ ತೆಗೆಯಿರಿ. ಕೆಳಗೆ ಸ್ಟೆಮ್ಮಿನ ಸುತ್ತ ಗ್ಲ್ಯಾಂಡ್ ನಟ್ ಇದ್ದರೆ ಅದನ್ನು ಕಾಲು ಸುತ್ತು ಸಡಿಲ ಮಾಡಿ, ಜಾಸ್ತಿ ಬೇಡ, ಒಂದೆರಡು ಹನಿ ನೀರು ಬಂದರೆ ಗಾಬರಿ ಬೇಡ. ಸ್ಟೆಮ್ಮಿಗೆ ಎರಡು ಬದಿ ಚಪ್ಪಟೆ ಇರುತ್ತದೆ, ಅದಕ್ಕೆ ಸರಿಯಾಗಿ ಕೂರುವ ಸಣ್ಣ ಪಾನಾ ಹಿಡಿದು ಬೆರಳಗಲ ಆ ಕಡೆ, ಬೆರಳಗಲ ಈ ಕಡೆ ಆಡಿಸಿ. ಒಂದೇ ಸಲ ಮುಚ್ಚಲು ಹೋಗಬೇಡಿ. ಹತ್ತು ಹದಿನೈದು ಸಲ ಆಡಿಸಿದರೆ ಪದರ ಪುಡಿಯಾಗಿ ನೀರಿನ ಜೊತೆ ಹೊರಟು ಹೋಗುತ್ತದೆ, ದಾರಿ ತಾನೇ ಉದ್ದವಾಗುತ್ತದೆ. ಕೆಳಗಿನ ಒಂದು ನಳ ತೆರೆದಿಟ್ಟೇ ಇದನ್ನು ಮಾಡಿ. ಆದ ಮೇಲೆ ಗ್ಲ್ಯಾಂಡ್ ನಟ್ ಹನಿ ನಿಲ್ಲುವಷ್ಟು ಮಾತ್ರ ಬಿಗಿ ಮಾಡಿ. ಇದಕ್ಕೂ ಬಗ್ಗದಿದ್ದರೆ ಟ್ಯಾಂಕ್ ಖಾಲಿ ಮಾಡಿ ಬಿಚ್ಚಿ, ವಿನೆಗರಿನಲ್ಲೋ ನಿಂಬೆರಸದಲ್ಲೋ ಒಂದು ತಾಸು ನೆನೆಹಾಕಿ, ಸುಣ್ಣದ ಪದರ ಗುಳ್ಳೆ ಬಿಟ್ಟು ಕರಗುತ್ತದೆ. ಬಿಚ್ಚಿದಾಗ ಹಿತ್ತಾಳೆ ಅಲ್ಲಲ್ಲಿ ಕೆಂಪಾಗಿ ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿನ ಸತು ಹೊರಟು ಹೋಗಿದೆ ಅಂತ ಅರ್ಥ. ಅಂಥದ್ದನ್ನು ಮತ್ತೆ ಹಾಕಬೇಡಿ, ಒಳಗೆ ಪೊಳ್ಳಾಗಿರುತ್ತದೆ.

ಮುಂದೆ ಹೀಗಾಗಬಾರದು ಅಂದ್ರೆ ತಿಂಗಳಿಗೊಮ್ಮೆ ಮನೆಯ ಪ್ರತಿ ವಾಲ್ವ್ ಮುಚ್ಚಿ ತೆರೆಯಿರಿ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಮಷೀನು ತೊಳೆದು ಪೂಜೆ ಮಾಡುತ್ತೇವಲ್ಲ, ಅವತ್ತೇ ಮಾಡಿ. ನಾನು ಹಾಗೇ ಮಾಡುತ್ತೇನೆ. ಗಾಡಿಗೆ ನಿಂಬೆಹಣ್ಣು ಕಟ್ಟಿದ ಮೇಲೆ ಮಾಳಿಗೆ ಹತ್ತಿ ನಾಲ್ಕು ವಾಲ್ವ್ ತಿರುಗಿಸಿ ಇಳಿಯುತ್ತೇನೆ. ಎರಡು ನಿಮಿಷದ ಕೆಲಸ.

ಪ್ರಶ್ನೆ: ನಾಲ್ಕು ಎಕರೆ ಮೆಣಸಿನಕಾಯಿಗೆ ಡ್ರಿಪ್ ಹಾಕಿದ್ದೇನೆ. ನಾಲ್ಕು ಬ್ಲಾಕ್, ಒಂದೊಂದಕ್ಕೂ 63 ಎಂಎಂ ಪ್ಲಾಸ್ಟಿಕ್ ಬಾಲ್ ವಾಲ್ವ್. ಹತ್ತಿರದ ಬ್ಲಾಕಿಗೆ ನೀರು ಜೋರು ಹೋಗುತ್ತದೆ ಅಂತ ಅದರ ವಾಲ್ವ್ ಯಾವಾಗಲೂ ಅರ್ಧಕ್ಕೇ ಇಡುತ್ತೇನೆ. ಎರಡೇ ಹಂಗಾಮಿಗೆ ಅದು ಮುಚ್ಚಿದರೂ ಸೋರುತ್ತಿದೆ. ಉಳಿದ ಮೂರು ಚೆನ್ನಾಗಿವೆ. ಇವಲ್ಲದೆ ಬೇರೆ ಕಡೆ ಇರುವ ಇನ್ನೊಂದು ವಾಲ್ವ್ ಬಿಸಿಲಿಗೆ ಸೀಳಿದೆ.
– ರೈತ, ಬ್ಯಾಡಗಿ ತಾಲೂಕು

ಉತ್ತರ: ಅಣ್ಣಾವ್ರೇ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅರ್ಧಕ್ಕಿಟ್ಟದ್ದು ಹೋಯಿತು, ಪೂರ್ತಿ ತೆರೆದು ಮುಚ್ಚಿದ ಮೂರು ಉಳಿದವು.

ಆ ಸೋರುವ ವಾಲ್ವನ್ನು ಬಿಚ್ಚಿ ನೋಡಿ. ಬಿಳಿ ಸೀಟಿನ ಉಂಗುರ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಉಗುರಿನಿಂದ ಅಂಚನ್ನು ಸುತ್ತಲೂ ಸವರಿ. ಒಂದು ಕಡೆ ನುಣ್ಣಗೆ ಹೋಗುತ್ತದೆ, ಇನ್ನೊಂದು ಕಡೆ ಉಗುರು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅರ್ಧ ಚಂದ್ರದ ಆಕಾರಕ್ಕೆ ಅಂಚು ಸವೆದು ಹೋಗಿರುತ್ತದೆ. ಗುಂಡು ಅರ್ಧ ತೆರೆದಾಗ ನೀರು ನಡುವೆ ಹೋಗುವುದಿಲ್ಲ, ಗುಂಡಿನ ಅಂಚು ಮತ್ತು ಸೀಟಿನ ನಡುವಿನ ಸಂದಿಯಿಂದ ಚಿಮ್ಮಿಕೊಂಡು ಹೋಗುತ್ತದೆ. ಬೋರ್ ನೀರಿನಲ್ಲಿ ಸಣ್ಣ ಉಸುಕು ಇದ್ದೇ ಇರುತ್ತದೆ. ದಿನಕ್ಕೆ ಮೂರು ತಾಸು, ಒಂದೇ ಜಾಗಕ್ಕೆ ಉಸುಕು ಬೆರೆತ ನೀರು ಬಡಿದರೆ ಟೆಫ್ಲಾನ್ ಎಷ್ಟು ದಿನ ತಡೆದೀತು? ಅದು ಮೆತ್ತನೆಯ ವಸ್ತು, ಮೆತ್ತಗಿದ್ದದ್ದಕ್ಕೇ ಅಷ್ಟು ಚೆನ್ನಾಗಿ ಬಂದ್ ಆಗುತ್ತದೆ.

ಬಾಲ್ ವಾಲ್ವ್ ಇರುವುದು ತೆರೆಯಲು ಮತ್ತು ಮುಚ್ಚಲು. ನೀರು ಹೆಚ್ಚುಕಡಿಮೆ ಮಾಡಲು ಗ್ಲೋಬ್ ವಾಲ್ವ್ ಇದೆ. ನಿಮಗೆ ಅದೂ ಬೇಕಾಗಲಿಕ್ಕಿಲ್ಲ. ಫಿಲ್ಟರ್ ಆದ ಮೇಲೆ ಒಂದು ಪ್ರೆಷರ್ ಗೇಜ್ ಹಾಕಿ. ಸಾಮಾನ್ಯ ಡ್ರಿಪ್ಪರಿಗೆ ಲ್ಯಾಟರಲ್‌ನಲ್ಲಿ, ಅಂದ್ರೆ ಡ್ರಿಪ್ಪರ್ ಕೂತ ಸಣ್ಣ ಪೈಪಿನಲ್ಲಿ, ಸುಮಾರು 1 ಕೆಜಿ ಪ್ರೆಷರ್ (ಪ್ರತಿ ಚದರ ಸೆಂಟಿಮೀಟರಿಗೆ) ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಪಂಪಿನ ಹತ್ತಿರ ಒಂದು ಬೈಪಾಸ್ ಲೈನ್ ಕೊಟ್ಟು ಹೆಚ್ಚಿನ ನೀರನ್ನು ಬಾವಿಗೋ ಹೊಂಡಕ್ಕೋ ವಾಪಸ್ ಬಿಡಿ. ಹೆಚ್ಚುಕಡಿಮೆ ಮಾಡುವ ಗ್ಲೋಬ್ ವಾಲ್ವ್ ಬೇಕಾದರೆ ಆ ಬೈಪಾಸ್ ಮೇಲೆ ಒಂದೇ ಒಂದು ಇರಲಿ. ಬ್ಲಾಕಿನ ನಾಲ್ಕೂ ವಾಲ್ವ್ ಪೂರ್ತಿ ತೆರೆಯಲಿ, ಪೂರ್ತಿ ಮುಚ್ಚಲಿ. ಮುಂದೆ ಲ್ಯಾಟರಲ್ ಬದಲಾಯಿಸುವ ಹೊತ್ತಿಗೆ ಪ್ರೆಷರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ ಕೇಳಿ. ಹತ್ತಿರ ದೂರ ಎರಡೂ ಕಡೆ ಅದು ಒಂದೇ ಸಮ ನೀರು ಕೊಡುತ್ತದೆ.

ಇನ್ನೊಂದು ಮಾತು, ಇದನ್ನು ಮನೆಯ ಹುಡುಗರಿಗೂ ಹೇಳಿಡಿ. ಬ್ಲಾಕ್ ಬದಲಿಸುವಾಗ ಮೊದಲು ಮುಂದಿನ ಬ್ಲಾಕ್ ತೆರೆಯಿರಿ, ಆಮೇಲೆ ಹಿಂದಿನದು ಮುಚ್ಚಿ. ಉಲ್ಟಾ ಮಾಡಿದರೆ ಆ ಹೊತ್ತು ಪಂಪ್ ಪೂರ್ತಿ ಬಂದ್ ಆದ ಪೈಪಿನ ಮೇಲೆ ಒತ್ತುತ್ತಾ ನಿಲ್ಲುತ್ತದೆ. ಪ್ರೆಷರ್ ಏರಿ ಎಲ್ಲಾದರೂ ಜಾಯಿಂಟ್ ಬಿಡುತ್ತದೆ. ಯಾರಾದರೂ ಮಾತಿಗೆ ನಿಂತು ಮರೆತರೆ ಸಬ್‌ಮರ್ಸಿಬಲ್ ಮೋಟರ್ ಬಿಸಿಯಾಗಿ ಸುಡುತ್ತದೆ, ಯಾಕಂದ್ರೆ ಅದನ್ನು ತಂಪಾಗಿಡುವುದೇ ಹರಿಯುವ ನೀರು.

ಬಿಸಿಲಿಗೆ ಸೀಳಿದ್ದಕ್ಕೆ ಔಷಧಿ ಇಲ್ಲ. ಪಿವಿಸಿ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದರೆ ಹಪ್ಪಳದ ಹಾಗೆ ಗಡಸಾಗುತ್ತದೆ. ಹೊಸದಕ್ಕೆ ನಾಲ್ಕು ಇಟ್ಟಿಗೆ ಇಟ್ಟು ಮೇಲೊಂದು ಶಹಾಬಾದ್ ಕಲ್ಲು ಮುಚ್ಚಿ. ಅದೂ ಆಗದಿದ್ದರೆ ಹಳೇ ಗೋಣಿಚೀಲ ಸುತ್ತಿ ಕಟ್ಟಿ.

ಪ್ರಶ್ನೆ: ನಾನು ಮತ್ತು ಗೆಳೆಯ ಸೇರಿ ಗೋಕುಲ ರೋಡ್ ಕಡೆ ಸಣ್ಣ ವರ್ಕ್‌ಶಾಪ್ ಶುರು ಮಾಡಿದ್ದೇವೆ. 8 ಕೆಜಿ ಪ್ರೆಷರಿನ ಕಂಪ್ರೆಸರ್ ಇದೆ. ಗಾಳಿ ಲೈನಿಗೆ ಸಿಪಿವಿಸಿ ಪೈಪು, ಸಿಪಿವಿಸಿ ಬಾಲ್ ವಾಲ್ವ್ ಹಾಕಿದರೆ ಖರ್ಚು ಕಡಿಮೆ. ಪೈಪಿನ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ ಪ್ರೆಷರ್ ಬರೆದಿದೆ. ಹಾಕಬಹುದಲ್ವಾ ಸರ್?
– ಐಟಿಐ ಮುಗಿಸಿದ ಹುಡುಗ, ಹುಬ್ಬಳ್ಳಿ

ಉತ್ತರ: ಬೇಡ ತಮ್ಮಾ. ಇದೊಂದನ್ನು ಮಾತ್ರ ಮಾಡಬೇಡ.

ಪೈಪಿನ ಮೇಲೆ ಬರೆದ ಪ್ರೆಷರ್ ನೀರಿಗೆ. ನೀರು ಹಿಂಡಿದರೆ ಕುಗ್ಗುವುದಿಲ್ಲ, ಅದಕ್ಕೇ ಪೈಪ್ ಒಡೆದರೆ ಒಂದು ಸಲ ಚಿಮ್ಮಿ ಪ್ರೆಷರ್ ಅಲ್ಲೇ ಸತ್ತು ಹೋಗುತ್ತದೆ. ಗಾಳಿ ಹಾಗಲ್ಲ. 8 ಕೆಜಿಗೆ ಹಿಂಡಿದ ಗಾಳಿ ಬಿಗಿದ ಸ್ಪ್ರಿಂಗ್ ಇದ್ದ ಹಾಗೆ. ಪ್ಲಾಸ್ಟಿಕ್ ಪೈಪ್ ಒಡೆದರೆ ಇಡೀ ಟ್ಯಾಂಕಿನ ಗಾಳಿ ಅದರ ಹಿಂದೆ ನುಗ್ಗುತ್ತದೆ, ಪೈಪ್ ಗಾಜಿನ ಚೂರಿನ ಹಾಗೆ ಸಿಡಿಯುತ್ತದೆ. ಕಂಪ್ರೆಸರಿನಿಂದ ಬರುವ ಗಾಳಿ ಬಿಸಿ ಇರುತ್ತದೆ, ಜೊತೆಗೆ ಎಣ್ಣೆಯ ಆವಿ ಇರುತ್ತದೆ. ಎರಡೂ ಸಿಪಿವಿಸಿಗೆ ಶತ್ರು. ಹೊಸದಾಗಿ ಗಟ್ಟಿ ಇದ್ದದ್ದು ಎರಡು ವರ್ಷಕ್ಕೆ ಒಳಗಿಂದ ಸೊರಗಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ನಮ್ಮ ಟೆಸ್ಟ್ ಬೆಂಚಿನ ಕೆಲಸ ಹೇಳುತ್ತೇನೆ, ಆಗ ನಿನಗೇ ತಿಳಿಯುತ್ತದೆ. ವಾಲ್ವ್ ಬಾಡಿ ಗಟ್ಟಿ ಇದೆಯಾ ಅಂತ ನೋಡಲು ಅದರ ರೇಟಿಂಗಿನ ಒಂದೂವರೆ ಪಟ್ಟು ಪ್ರೆಷರ್ ಕೊಡುತ್ತಿದ್ದೆವು. ಅದು ಯಾವಾಗಲೂ ನೀರಿನಲ್ಲಿ. ಸೀಟ್ ಸೋರುತ್ತದಾ ಅಂತ ನೋಡಲು ಗಾಳಿ ಬಿಟ್ಟು, ತುದಿಯನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಎಣಿಸುತ್ತಿದ್ದೆವು. ಅದು ಬರೀ 6 ಕೆಜಿ ಆಸುಪಾಸು. ಉಕ್ಕಿನ ಬಾಡಿ, ನೂರಾರು ಕೆಜಿ ನೀರಿನ ಪ್ರೆಷರ್ ತಡೆದ ವಾಲ್ವ್, ಆದರೂ ಗಾಳಿ ಬಿಡುವಾಗ ಕೈ ಹಿಂದೆ, ಮುಖ ಪಕ್ಕಕ್ಕೆ. ಮೊದಲ ದಿನ ಮೇಸ್ತ್ರಿ ಕಲಿಸಿದ್ದೇ ಅದು.

ಹಾಗಾದರೆ ಏನು ಹಾಕಬೇಕು? ಜಿಐ ಪೈಪು ಅಥವಾ ಗಾಳಿಗೆಂದೇ ಬರುವ ಅಲ್ಯೂಮಿನಿಯಂ ಪೈಪು. ವಾಲ್ವ್ ಹಿತ್ತಾಳೆಯದೋ ಸ್ಟೀಲಿನದೋ ಇರಲಿ. ಹಿತ್ತಾಳೆಯ ಮೇಲೆ ಪಿಎನ್ 25 ಅಂತ ಇದ್ದರೆ 25 ಬಾರ್, ಅಂದ್ರೆ ಸುಮಾರು 25 ಕೆಜಿ. 600 ಡಬ್ಲ್ಯುಒಜಿ ಅಂತ ಇದ್ದರೆ 600 ಪಿಎಸ್‌ಐ, ಅಂದ್ರೆ ಸುಮಾರು 42 ಕೆಜಿ. ನಿನ್ನ ಕೆಲಸಕ್ಕೆ ಎರಡೂ ಧಾರಾಳ. ಮೇನ್ ಲೈನನ್ನು ಸ್ವಲ್ಪ ಇಳಿಜಾರು ಇಟ್ಟು, ಪ್ರತಿ ಮಷೀನಿಗೆ ಇಳಿಯುವ ಲೈನನ್ನು ಮೇನ್ ಪೈಪಿನ ಮೇಲ್ಭಾಗದಿಂದ ತೆಗೆದು ಬಗ್ಗಿಸಿ ಇಳಿಸು, ಆಗ ಪೈಪಿನಲ್ಲಿ ಕೂತ ನೀರು ಸ್ಪ್ರೇ ಗನ್ನಿಗೆ ಬರುವುದಿಲ್ಲ. ಕೊನೆಯಲ್ಲಿ ಒಂದು ಸಣ್ಣ ಬಾಲ್ ವಾಲ್ವ್ ಡ್ರೇನಿಗೆ. ಕಂಪ್ರೆಸರ್ ಟ್ಯಾಂಕಿನ ತಳದಲ್ಲೂ ಒಂದು, ಸಣ್ಣ ಪೈಪಿನಿಂದ ಹೊರಗೆ ತಂದು ಕೈಗೆ ಎಟಕುವ ಕಡೆ ಹಾಕು. ಬಗ್ಗಿ ಸ್ಕ್ರೂ ತೆಗೆಯಬೇಕು ಅಂದ್ರೆ ಯಾರೂ ದಿನಾ ನೀರು ಬಿಡುವುದಿಲ್ಲ, ಹ್ಯಾಂಡಲ್ ಎದುರಿಗೇ ಇದ್ದರೆ ಬಿಡುತ್ತಾರೆ. ಮಳೆಗಾಲದಲ್ಲಿ ಎಷ್ಟು ನೀರು ಬರುತ್ತದೆ ಅಂತ ನೋಡಿದರೆ ನಿನಗೇ ಆಶ್ಚರ್ಯವಾಗುತ್ತದೆ.

ಮಷೀನ್ ಹತ್ತಿರದ ವಾಲ್ವ್ ಮಾತ್ರ ವೆಂಟೆಡ್ ಬಾಲ್ ವಾಲ್ವ್ ಕೇಳಿ ತಾ. ಅದನ್ನು ಮುಚ್ಚಿದಾಗ ಮುಂದಿನ ಹೋಸ್‌ನಲ್ಲಿ ಉಳಿದ ಗಾಳಿ ಒಂದು ಸಣ್ಣ ತೂತಿನಿಂದ ಹೊರಗೆ ಹೋಗುತ್ತದೆ. ಸಾದಾ ವಾಲ್ವ್ ಆದರೆ ಮುಚ್ಚಿದ ಮೇಲೂ ಹೋಸ್ ತುಂಬಿಯೇ ಇರುತ್ತದೆ, ಕಪ್ಲಿಂಗ್ ಬಿಚ್ಚಿದವನ ಮುಖಕ್ಕೆ ಹೊಡೆಯುತ್ತದೆ. ಸಾದಾ ಬಾಲ್ ವಾಲ್ವನ್ನು ಹೇಗೆ ಹಾಕಿದರೂ ನಡೆಯುತ್ತದೆ, ವೆಂಟೆಡ್ ಆದರೆ ಬಾಣದ ಗುರುತು ನೋಡಿ ಹಾಕಬೇಕು.

ಥ್ರೆಡ್ ಬಗ್ಗೆಯೂ ಹುಷಾರು. ನಮ್ಮಲ್ಲಿ ಸಿಗುವುದು ಬಿಎಸ್‌ಪಿ, ಅಂದ್ರೆ ಬ್ರಿಟಿಷ್ ಅಳತೆಯ ಥ್ರೆಡ್. ಹೊರದೇಶದ ಹಳೇ ಮಷೀನಿನ ಮೇಲೆ ಎನ್‌ಪಿಟಿ, ಅಂದ್ರೆ ಅಮೆರಿಕದ ಅಳತೆಯದು ಇರಬಹುದು. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ, ಹಾಗಾಗಿ ಮೂರ್ನಾಲ್ಕು ಸುತ್ತು ಹತ್ತಿ ಸರಿಯಾಯಿತು ಅನ್ನಿಸುತ್ತದೆ. ಆದರೆ ಹಲ್ಲಿನ ಕೋನ ಬೇರೆ, ಒಂದರದು 55 ಡಿಗ್ರಿ, ಇನ್ನೊಂದರದು 60. ಎಷ್ಟು ಟೇಪ್ ಸುತ್ತಿದರೂ ಗಾಳಿ ನಿಲ್ಲುವುದಿಲ್ಲ.

ಪ್ರಶ್ನೆ: ನಾನೇ ವಾಲ್ವ್ ಬದಲಾಯಿಸಬೇಕು ಅಂತಿದ್ದೇನೆ. ಏನೇನು ನೋಡಿಕೊಳ್ಳಬೇಕು?
– ನಿವೃತ್ತ ಶಿಕ್ಷಕ, ಸಪ್ತಾಪುರ, ಧಾರವಾಡ

ಉತ್ತರ: ಖಂಡಿತ ಮಾಡಿ ಸರ್, ಕಷ್ಟ ಇಲ್ಲ. ಮೊದಲು ಹ್ಯಾಂಡಲ್ ತಿರುಗಲು ಜಾಗ ಇದೆಯಾ ನೋಡಿ. ನಮ್ಮ ಮನೆ ಕಟ್ಟುವಾಗ ಬಚ್ಚಲ ವಾಲ್ವನ್ನು ಪ್ಲಂಬರ್ ಗೋಡೆಗೆ ಒತ್ತಿ ಹಾಕಿ ಹೋಗಿದ್ದ. ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಟೈಲ್ಸ್ ಕೂಡ ಆಗಿತ್ತು. ಹ್ಯಾಂಡಲ್ ಮುಕ್ಕಾಲು ದಾರಿ ತಿರುಗಿ ಟೈಲಿಗೆ ಬಡಿಯುತ್ತಿತ್ತು, ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಎರಡು ಟೈಲ್ಸ್ ಒಡೆಸಬೇಕಾಯಿತು. ಜಾಗ ಕಡಿಮೆ ಇದ್ದರೆ ಚಿಟ್ಟೆ ಆಕಾರದ ಸಣ್ಣ ಹ್ಯಾಂಡಲ್ ಇರುವುದು ಸಿಗುತ್ತದೆ, ಅದನ್ನು ತನ್ನಿ.

ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ, ಎಳೆದು ಬಿಗಿಯಾಗಿ. ನಮ್ಮಲ್ಲಿ ಸಿಗುವ ತೆಳು ಟೇಪ್ ಹತ್ತು ಹನ್ನೆರಡು ಸುತ್ತು ಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಮೊದಲ ಒಂದು ಹಲ್ಲು ಖಾಲಿ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಜಿಐ ಪೈಪಿಗೆ ದಾರ, ಸಫೇದ ಹಾಕುವ ಹಳೇ ಪದ್ಧತಿ ಈಗಲೂ ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಥ್ರೆಡ್ಡಿಗೆ ದಾರ ಬೇಡ, ನೀರು ಕುಡಿದು ಉಬ್ಬಿ ಸಾಕೆಟ್ ಸೀಳುತ್ತದೆ.

ಪಾನಾವನ್ನು ಪೈಪ್ ಹೋಗುವ ಬದಿಯ ಷಟ್ಕೋನಕ್ಕೇ ಹಿಡಿಯಿರಿ. ಆ ಕಡೆ ತುದಿಗೆ ಹಿಡಿದು ತಿರುಗಿಸಿದರೆ ವಾಲ್ವಿನ ಬಾಡಿಯೇ ಮಧ್ಯದಲ್ಲಿ ಬಿಚ್ಚಿಕೊಳ್ಳಬಹುದು, ಎರಡು ತುಂಡು ಜೋಡಿಸಿಯೇ ಅದನ್ನು ಮಾಡಿರುತ್ತಾರೆ. ಹ್ಯಾಂಡಲ್ ಹಿಡಿದು ಬಿಗಿ ಮಾಡುವುದಂತೂ ಬೇಡವೇ ಬೇಡ.

ಸಿಪಿವಿಸಿ ಆದರೆ ಸಿಪಿವಿಸಿಯದೇ ಸೊಲ್ಯೂಷನ್ ತನ್ನಿ, ಪಿವಿಸಿಯದು ನಡೆಯುವುದಿಲ್ಲ. ಅಂಟಿಸುವಾಗ ವಾಲ್ವ್ ತೆರೆದಿರಲಿ. ಪೈಪಿನ ಹೊರಗೆ ಚೆನ್ನಾಗಿ, ವಾಲ್ವಿನ ಒಳಗೆ ತೆಳ್ಳಗೆ ಹಚ್ಚಿ, ಜಾಸ್ತಿಯಾದದ್ದು ಗುಂಡಿಗೆ ಹರಿದರೆ ವಾಲ್ವ್ ಅಲ್ಲೇ ಅಂಟಿ ಹೋಗುತ್ತದೆ. ಆತುರ ಬೇಡ, ಒಂದು ದಿನ ಬಿಟ್ಟು ನೀರು ಬಿಡಿ. ಪಕ್ಕದಲ್ಲಿ ಒಂದು ಯೂನಿಯನ್ ಹಾಕುವುದನ್ನು ಮರೆಯಬೇಡಿ. ಅದು ಇದ್ದರೆ ಮುಂದಿನ ಸಲ ಪೈಪ್ ಕೊಯ್ಯದೆ ವಾಲ್ವ್ ಹೊರಗೆ ಬರುತ್ತದೆ.

ಪ್ರಶ್ನೆ: ಮೋಟರ್ ಲೈನಿನ ವಾಲ್ವ್ ಪಟ್ಟನೆ ಮುಚ್ಚಿದರೆ ಗೋಡೆಯೊಳಗೆ ಡಂ ಅಂತ ಸದ್ದು ಬರುತ್ತದೆ. ಅಪಾಯವೇ?
– ನವನಗರ, ಹುಬ್ಬಳ್ಳಿ

ಉತ್ತರ: ಹೌದು. ಓಡುತ್ತಿದ್ದ ನೀರನ್ನು ಒಮ್ಮೆಲೇ ತಡೆದರೆ ಅದರ ವೇಗವೆಲ್ಲಾ ಪ್ರೆಷರ್ ಆಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ಜಿಐ ಪೈಪಿನಲ್ಲಿ ಥಟ್ಟನೆ ನಿಂತರೆ ಸುಮಾರು 12 ಕೆಜಿ ಪ್ರೆಷರ್ ಏರುತ್ತದೆ, ಪಿವಿಸಿಯಲ್ಲಿ ಅದರ ಮೂರನೇ ಒಂದು ಪಾಲು. ನಿಮ್ಮ ಮಾಳಿಗೆ ಟ್ಯಾಂಕ್ 10 ಮೀಟರ್ ಎತ್ತರ ಇದ್ದರೂ ಕೊಡುವುದು 1 ಕೆಜಿ ಅಷ್ಟೇ, ಹೋಲಿಸಿ ನೋಡಿ. ಮೋಟರ್ ಬಂದ್ ಮಾಡಿದ ಮೇಲೆ ವಾಲ್ವ್ ಮುಚ್ಚಿ. ಉಳಿದ ಕಡೆ ಮನಸ್ಸಿನಲ್ಲೇ ಐದು ಎಣಿಸುತ್ತಾ ನಿಧಾನವಾಗಿ ತಿರುಗಿಸಿ. ಪೈಪಿಗೆ ಕ್ಲಾಂಪ್ ಇಲ್ಲದಿದ್ದರೆ ಹಾಕಿಸಿ.

ಪ್ರಶ್ನೆ: ಸೋಲಾರ್ ವಾಟರ್ ಹೀಟರಿಗೆ ಎಲ್ಲೆಲ್ಲಿ ವಾಲ್ವ್ ಹಾಕಿಸಬೇಕು? ಮೇಲೆ ಒಂದು ಪೈಪ್ ಸುಮ್ನೆ ತೆರೆದು ನಿಂತಿದೆ, ಅದಕ್ಕೂ ಹಾಕಿಸಲಾ?
– ರಾಣೆಬೆನ್ನೂರು

ಉತ್ತರ: ಆ ಪೈಪನ್ನು ಮುಟ್ಟಬೇಡಿ. ಅದು ಆವಿ, ಗಾಳಿ ಹೋಗುವ ದಾರಿ. ಅದಕ್ಕೆ ವಾಲ್ವ್ ಹಾಕಿ ಯಾರಾದರೂ ಮುಚ್ಚಿದರೆ ಬೇಸಿಗೆಯಲ್ಲಿ ಟ್ಯಾಂಕ್ ಉಬ್ಬಿ ಒಡೆಯಬಹುದು, ಇಲ್ಲಾ ನೀರು ಇಳಿಯುವಾಗ ಒಳಕ್ಕೆ ಕುಗ್ಗಬಹುದು. ಗೀಸರಿನ ಸೇಫ್ಟಿ ವಾಲ್ವಿಗೂ ಇದೇ ಮಾತು. ಗೀಸರಿಗೂ ಅದಕ್ಕೂ ನಡುವೆ ಯಾವ ಬಾಲ್ ವಾಲ್ವೂ ಬರಬಾರದು.

ತಣ್ಣೀರು ಒಳಗೆ ಹೋಗುವ ಕಡೆ ಒಂದು, ಬಿಸಿನೀರು ಮನೆಗೆ ಇಳಿಯುವ ಕಡೆ ಒಂದು ಸಾಕು. ಎರಡೂ ಹಿತ್ತಾಳೆಯದು ಹಾಕಿಸಿ. ಸಿಪಿವಿಸಿ 82 ಡಿಗ್ರಿವರೆಗೂ ತಡೆಯುತ್ತದೆ, ಆದರೆ ಅಷ್ಟು ಬಿಸಿಯಲ್ಲಿ ಅದರ ಶಕ್ತಿ ತಣ್ಣೀರಿನಲ್ಲಿ ಇರುವುದರ ನಾಲ್ಕನೇ ಒಂದು ಪಾಲು ಮಾತ್ರ. ಬಿಳಿ ಯುಪಿವಿಸಿ ಬಿಸಿನೀರಿಗೆ ಬೇಡ, ಮೆತ್ತಗಾಗಿ ಜೋತು ಬೀಳುತ್ತದೆ.

ಪ್ರಶ್ನೆ: ಗೋಬರ್ ಗ್ಯಾಸ್ ಲೈನಿನ ಹಿತ್ತಾಳೆ ವಾಲ್ವ್ ಕಪ್ಪಾಗಿ ಹಿಡಿದುಕೊಂಡಿದೆ. ಹೋದ ವರ್ಷವಷ್ಟೇ ಹಾಕಿಸಿದ್ದು.
– ಹಾನಗಲ್ ತಾಲೂಕು, ಹಾವೇರಿ ಜಿಲ್ಲೆ

ಉತ್ತರ: ವಾಲ್ವಿನ ತಪ್ಪಲ್ಲ, ಹಾಕಿದ ಜಾಗ ತಪ್ಪು. ಗೋಬರ್ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ತಾಮ್ರ, ಹಿತ್ತಾಳೆ ಎರಡನ್ನೂ ಅದು ತಿನ್ನುತ್ತದೆ. ಈ ಗ್ಯಾಸಿನ ಪ್ರೆಷರ್ ತೀರಾ ಕಡಿಮೆ, ಹಾಗಾಗಿ ಒಳ್ಳೆಯ ಪಿವಿಸಿ ಬಾಲ್ ವಾಲ್ವ್ ಸಾಕು. ಬಿಸಿಲು ಬೀಳದ ಕಡೆ, ಒಲೆಯಿಂದ ದೂರ ಇರಲಿ. ಒಲೆಯ ಹತ್ತಿರ ಬೇಕೇ ಬೇಕು ಅಂದರೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಲೈನಿನಲ್ಲಿ ಕಬ್ಬಿಣದ ಪುಡಿ ತುಂಬಿದ ಒಂದು ಡಬ್ಬಿ ಇಟ್ಟು ಅದರ ಮೂಲಕ ಗ್ಯಾಸ್ ಹಾಯಿಸಿದರೆ ಆ ವಾಸನೆಯ ಅನಿಲ ಬಹಳಷ್ಟು ಅಲ್ಲೇ ಉಳಿಯುತ್ತದೆ, ಒಲೆಯ ಬರ್ನರ್ ಕೂಡ ಬಾಳುತ್ತದೆ. ಹೊಸದು ಹಾಕಿದ ಮೇಲೆ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಕಡ್ಡಿ ಗೀರಿ ನೋಡಬೇಡಿ.

ಪ್ರಶ್ನೆ: ಅಡಿಗೆ ಸಿಲಿಂಡರಿನ ಲೈನಿಗೆ ನೀರಿನ ಬಾಲ್ ವಾಲ್ವೇ ಹಾಕಬಹುದಾ?
– ಮುಂಡರಗಿ

ಉತ್ತರ: ಬೇಡ. ಗ್ಯಾಸಿಗೆಂದೇ ಮಾಡಿದ ವಾಲ್ವ್ ಬರುತ್ತದೆ, ಅದನ್ನೇ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೈಯಿಂದ ಹಾಕಿಸಿ.